ಕಾಜಾ ಥಂಡಿಗೆ ಮನೆಗಾಡಿಯ ನಳ ಒಡೆಯದಂತೆ

ಬಾಗಲಕೋಟೆಯಲ್ಲಿ ಮೂವತ್ತು ವರ್ಷ ಪ್ಲಂಬಿಂಗ್ ಮಾಡಿದವನು ನಾನು. ಹಳೇ ಊರಿನ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾಗಿ ನವನಗರ ಎದ್ದು ನಿಲ್ಲುವಾಗ ಸೆಕ್ಟರ್ ಸೆಕ್ಟರ್ ತಿರುಗಿ ಪೈಪು ಹಾಕಿದ್ದೇನೆ. ಬಿಸಿಲು ಪೈಪಿಗೆ ಏನೇನು ಮಾಡುತ್ತದೆ ಅನ್ನುವುದು ಬಾಯಿಪಾಠ. ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕೈಗೆ ಚುರುಕ್ ಅನ್ನುತ್ತದೆ, ಬಿಸಿಲಿಗೆ ಬಿದ್ದ ಪಿವಿಸಿ ಬಾಳೆದಿಂಡಿನ ಹಾಗೆ ಬಾಗುತ್ತದೆ. ಆದರೆ ಥಂಡಿಗೆ ಪೈಪು ಒಡೆಯುತ್ತದೆ ಅಂತ ಯಾರಾದರೂ ಹೇಳಿದ್ದರೆ, 'ಹೋಗ್ರಿ, ನನಗs ಹೇಳಾಕ ಬಂದೀರಿ' ಅಂದುಬಿಡುತ್ತಿದ್ದೆ.

ಅಕ್ಕನ ಮಗ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು ತಂದು, "ಮಾಮಾ, ಇದರಾಗ ಮನಿ ಮಾಡ್ತೀನಿ, ನೀರಿನ ಲೈನ್ ಎಲ್ಲಾ ನೀನs ಮಾಡಿಕೊಡು" ಅಂದ. ಮಾಡಿಕೊಟ್ಟೆ. ಹಾಸಿಗೆ ಕೆಳಗೆ 80 ಲೀಟರಿನ ಟ್ಯಾಂಕು, ಅದರ ಬಾಯಿಗೆ ಬಾಲ್ ವಾಲ್ವು, ಮುಂದೆ 12 ವೋಲ್ಟಿನ ಪಂಪು, 10 ಲೀಟರಿನ ಕರೆಂಟ್ ಗೀಸರ್, ಸಿಂಕು, ಹ್ಯಾಂಡ್ ಶವರ್, ಕ್ಯಾಸೆಟ್ ಕಮೋಡು (ಕೆಳಗಿನ ಡಬ್ಬಿ ಎಳೆದು ಖಾಲಿ ಮಾಡುವಂಥದ್ದು), ಚಾಸಿ ಕೆಳಗೆ ಹೊಲಸು ನೀರಿನ ಟ್ಯಾಂಕು. ಡಿಸೆಂಬರಿನಲ್ಲಿ ಅವನು ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಾಗ ನಾನೂ ಹತ್ತಿದೆ. ಒಂದು ಡಬ್ಬಿ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ನನ್ನ ಪಾನಾಗಳ ಚೀಲ.

ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಮ್ ಪಾಸ್ ಮುಚ್ಚಿರುತ್ತದೆ. ಶಿಮ್ಲಾ, ರಾಂಪುರ, ಕಿನ್ನೌರ್ ಮೇಲೆ ಹಾಯ್ದು ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ಹೋಗಬೇಕು. ದಾರಿಯಲ್ಲಿ ಕಿನ್ನೌರಿನ ನಾಕೋ ಹಳ್ಳಿಯಲ್ಲಿ ರಾತ್ರಿ ನಿಲ್ಲುವ ಮೊದಲು ನಾನು ಜಾಣತನದಿಂದ ಟ್ಯಾಂಕು ಪೂರ್ತಿ ಖಾಲಿ ಮಾಡಿ, ಬಾಲ್ ವಾಲ್ವ್ ಬಂದ್ ಮಾಡಿ ಮಲಗಿದೆ. ಬೆಳಗ್ಗೆ ಎಲ್ಲಾ ಸರಿ ಇತ್ತು. ಕಾಜಾ ನೋಡಿ ತಿರುಗಿ ಬಂದೆವು, ಆಗಲೂ ಒಂದು ಹನಿ ಸೋರಲಿಲ್ಲ. ರಾಂಪುರಕ್ಕೆ ಇಳಿದು ಟ್ಯಾಂಕು ತುಂಬಿಸಿ ಪಂಪು ಹಚ್ಚಿದ್ದೇ ತಡ, ಹಾಸಿಗೆ ಕೆಳಗಿನಿಂದ ಕಾರಂಜಿ. ಒಡೆದದ್ದು ನಾಕೋದಲ್ಲಿ, ಅತ್ತದ್ದು ರಾಂಪುರದಲ್ಲಿ.

ಆ ವಾಲ್ವನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಹಿತ್ತಾಳೆಯದು, ಒಳ್ಳೇ ತೂಕದ್ದು. ಮೈಮೇಲೆ ಉದ್ದಕ್ಕೆ ಕೂದಲೆಳೆಯಂಥ ಒಂದು ಬಿರುಕು, ಉಗುರು ಆಡಿಸಿದರೆ ಮಾತ್ರ ತಿಳಿಯುತ್ತದೆ. ಬಾಲ್ ವಾಲ್ವ್ ಬಂದ್ ಮಾಡಿದಾಗ ಒಳಗಿನ ಗುಂಡಿನ ತೂತಿನಲ್ಲಿ ಒಂದಿಷ್ಟು ನೀರು ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಚಮಚೆಯಷ್ಟೂ ಇರಲಿಕ್ಕಿಲ್ಲ. ನೀರು ಮಂಜುಗಡ್ಡೆಯಾದಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಟ್ಯಾಂಕಿನಲ್ಲಾದರೆ ಹಿಗ್ಗಲು ಮೇಲೆ ಜಾಗ ಇದೆ. ಗುಂಡಿನೊಳಗೆ ಎಲ್ಲಿಗೆ ಹೋಗಬೇಕು? ಹಿತ್ತಾಳೆಯನ್ನೇ ಸೀಳುತ್ತದೆ. ಬೆಳಗ್ಗೆ ಆ ಗಡ್ಡೆಯೇ ಬೆಣೆಯ ಹಾಗೆ ಕೂತು ಬಿರುಕನ್ನು ಮುಚ್ಚಿರುವುದರಿಂದ ಗೊತ್ತಾಗುವುದಿಲ್ಲ.

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ಟ್ಯಾಂಕು ಖಾಲಿ ಮಾಡುವುದು ಸಣ್ಣ ಕೆಲಸ. ಖಾಲಿ ಆಯಿತು ಅಂದುಕೊಂಡ ಮೇಲೆ ಎಲ್ಲೆಲ್ಲಿ ನೀರು ಅಡಗಿ ಕೂತಿದೆ ಅಂತ ಹುಡುಕುವುದೇ ದೊಡ್ಡ ಕೆಲಸ. ಮುಂದಿನ ಸಲ ಮಾಡಿದ್ದನ್ನು ಹಾಗೇ ಹೇಳುತ್ತೇನೆ.

ಈ ಕೆಲಸ ಬಾಗಲಕೋಟೆಯಲ್ಲಿ ಮಾಡಿ ಹೊರಡಬೇಡಿ. ಎರಡು ಸಾವಿರ ಕಿಲೋಮೀಟರ್ ಮೀರಿದ ದಾರಿ, ಅಲ್ಲೀತನಕ ನಳ ಬೇಕೇ ಬೇಕು. ರಾಂಪುರ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಹಗಲು ಬಿಸಿಲಿರುತ್ತದೆ, ಟೈರ್ ಅಂಗಡಿಗಳಿವೆ. ಅಲ್ಲಿ ಅರ್ಧ ದಿನ ನಿಂತು ಮಾಡಿಕೊಳ್ಳಿ. ಮೇಲೆ ಹತ್ತಿ, ಬೆರಳು ಸೆಟೆದ ಮೇಲೆ, ಯಾವ ಪಾನಾನೂ ಕೈ ಮಾತು ಕೇಳುವುದಿಲ್ಲ.

ಮೊದಲು ಗೀಸರಿನ ಸ್ವಿಚ್ ಬಂದ್ ಮಾಡಿ, ನೀರು ತಣ್ಣಗಾಗುವವರೆಗೆ ಕಾಯಿರಿ. ಅವಸರ ಮಾಡಿದರೆ ಕೈ ಸುಡುತ್ತದೆ, ಖಾಲಿ ಗೀಸರಿಗೆ ಕರೆಂಟ್ ಹೋದರೆ ಕಾಯಿಲ್ ಸುಡುತ್ತದೆ. ಟ್ಯಾಂಕು ಖಾಲಿ ಮಾಡಿ, ಹೊಲಸು ನೀರನ್ನೂ ಕ್ಯಾಸೆಟ್ಟನ್ನೂ ಹೋಟೆಲಿನವರನ್ನು ಕೇಳಿ ಅವರ ಗಟಾರಕ್ಕೆ, ಕಮೋಡಿಗೆ ಹಾಕಿ. ಕೆಳಗೆ ಸಟ್ಲೆಜ್ ಹರಿಯುತ್ತಿದೆ ಅಂತ ಅದಕ್ಕೆ ಬಿಡುವವರಿದ್ದಾರೆ. ಅಂಥವರ ಗಾಡಿ ಕೆಲಸ ನಾನು ಮಾಡುವುದಿಲ್ಲ. ಆಮೇಲೆ ಎಲ್ಲ ನಳ ತೆರೆದಿಟ್ಟು ಗೀಸರಿನ ಇನ್‌ಲೆಟ್ ಬಿಚ್ಚಿ. ಬಿಸಿ ನಳ ತೆಗೆದಿರದಿದ್ದರೆ ಒಳಗೆ ಗಾಳಿ ಹೋಗದೆ ನೀರು ಗುಳುಗುಳು ಅಂದು ಅರ್ಧಕ್ಕೇ ನಿಲ್ಲುತ್ತದೆ. ನೀರಿನ ಫಿಲ್ಟರಿನ ಕ್ಯಾಂಡಲ್ ತೆಗೆದು ಒಣಗಿಸಿ ಬಟ್ಟೆಯಲ್ಲಿ ಸುತ್ತಿಡಿ.

ಗೀಸರಿಗೆ ಬೈಪಾಸ್ (ಗೀಸರ್ ತಪ್ಪಿಸಿ ನೀರು ಹಾಯುವ ದಾರಿ) ಕಟ್ಟಿರದಿದ್ದರೆ ಊರಲ್ಲೇ ಕಟ್ಟಿಸಿಕೊಳ್ಳಿ: ಒಳಗೆ ಹೋಗುವ ಪೈಪಿಗೊಂದು ವಾಲ್ವು, ಹೊರಗೆ ಬರುವುದಕ್ಕೊಂದು, ಎರಡನ್ನೂ ಸೇರಿಸುವ ಅಡ್ಡ ತುಂಡಿಗೊಂದು. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ.

ಈಗ ಗಾಳಿ. ಹೊರಗಿನಿಂದ ನೀರು ತುಂಬುವ ಅರ್ಧ ಇಂಚಿನ ಬಾಯಿಗೆ ಒಂದು ಹಿತ್ತಾಳೆ ಎಂಡ್ ಪ್ಲಗ್ ತೊಗೊಂಡು, ನಡುವೆ ತೂತು ಕೊರೆದು, ಟ್ಯೂಬ್‌ಲೆಸ್ ಟೈರಿನ ವಾಲ್ವು ಕೂರಿಸಿದ್ದೇನೆ. ಪಂಕ್ಚರ್ ಅಂಗಡಿಯ ಹುಡುಗ ಅದನ್ನು ನೋಡಿ, ಮನೆಗೆ ಹವಾ ಹಾಕುವವರನ್ನು ಇವತ್ತೇ ನೋಡಿದ್ದು ಅಂತ ಹಿಂದಿಯಲ್ಲಿ ನಕ್ಕ. ನಗಲಿ. ಒಂದೇ ಎಚ್ಚರ: 30 ಪಿಎಸ್ಐ ಮೀರಬಾರದು. ಲಾರಿ ಟೈರಿಗೆ ಬಿಡುವ ಹವಾ ಅದರ ಮೂರು ಪಟ್ಟಿಗಿಂತ ಹೆಚ್ಚಿರುತ್ತದೆ, ಅದು ಬಂದರೆ ಥಂಡಿ ಒಡೆಯುವ ಮೊದಲು ನೀವೇ ಜಾಯಿಂಟು ಒಡೆದಂತೆ. ಅದಕ್ಕೇ ಒಂದು ನಳ ತೆಗೆದಿಟ್ಟೇ ಹವಾ ಶುರು ಮಾಡುತ್ತೇನೆ. ದೂರದ ನಳ ಮೊದಲು. ಅದು ಉಗುಳುವುದು ನಿಲ್ಲಿಸಿ ಬರೀ ಹುಸ್ ಅಂದಾಗ ಮುಂದಿನದು. ಬಿಸಿ ನೀರು ತಣ್ಣೀರು ಕೂಡಿಸುವ ಮಿಕ್ಸರ್ ನಳ ಇದ್ದರೆ ಹಿಡಿಕೆಯನ್ನು ಬಿಸಿಗೆ, ತಣ್ಣೀರಿಗೆ, ನಡುವಿಗೆ ಮೂರೂ ಕಡೆ ತಿರುಗಿಸಬೇಕು. ಹ್ಯಾಂಡ್ ಶವರಿನ ಪೈಪು ಹಾವಿನ ಹಾಗೆ ಜೋತುಬಿದ್ದು ಹೊಟ್ಟೆಯಲ್ಲಿ ನೀರು ಇಟ್ಟುಕೊಂಡಿರುತ್ತದೆ, ತಲೆ ಬಿಚ್ಚಿ ನೆಲಕ್ಕೆ ಬಿಡಿ. ಕಮೋಡಿನ ಫ್ಲಶ್ಶನ್ನು ನಮ್ಮ ಹುಡುಗ ಮರೆತಿದ್ದ. ಎಲ್ಲರೂ ಮರೆಯುತ್ತಾರೆ.

ಹವಾ ಹೊಡೆದರೂ ಪಂಪಿನ ತಲೆಯಲ್ಲಿ, ಸಿಂಕಿನ ಕೆಳಗೆ ವಾಸನೆ ತಡೆಯಲು ನೀರು ನಿಲ್ಲಿಸುವ ಬಾಟಲ್ ಟ್ರ್ಯಾಪಿನಲ್ಲಿ ನೀರು ಉಳಿಯುತ್ತದೆ. ಅದಕ್ಕೆ ಹೆಪ್ಪುಗಟ್ಟದ ದ್ರವ ಬೇಕು. ಹೊರದೇಶಗಳಲ್ಲಿ ಇದು ಗುಲಾಬಿ ಬಣ್ಣದ್ದು, ಕ್ಯಾನಿನಲ್ಲೇ ತಯಾರಾಗಿ ಸಿಗುತ್ತದೆ. ನಾನು ಕೆಮಿಕಲ್ ಅಂಗಡಿಯಿಂದ ಔಷಧಿ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್ ತರಿಸಿದೆ. ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಥಿಲೀನ್ ಗ್ಲೈಕಾಲ್ ಅನ್ನುವುದು ಬೇರೆ, ಅದು ಗಾಡಿ ರೇಡಿಯೇಟರಿನ ಕೂಲಂಟಿನಲ್ಲಿರುವ ವಿಷ, ರುಚಿ ಮಾತ್ರ ಸಿಹಿ. ಕುಡಿಯುವ ನೀರಿನ ಪೈಪಿಗೆ ಕೂಲಂಟ್ ಹಾಕುವ ವಿಚಾರವೇ ಬೇಡ, 'ಒಂದ್ ಸಲ ತೊಳದ್ರ ಆತು' ಅನ್ನುವ ಮಾತೂ ಬೇಡ.

ಪ್ರೊಪಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿದರೆ ಮೈನಸ್ 30 ಡಿಗ್ರಿ ದಾಟಿದರೂ ಗಟ್ಟಿಯಾಗುವುದಿಲ್ಲ. ಪೈಪಿನಲ್ಲಿ ಉಳಿದ ನೀರು ಸೇರಿ ತೆಳುವಾಗುತ್ತದಲ್ಲ, ಹಾಗಾಗಿ ನಾನು ಆರು ಪಾಲು ಗ್ಲೈಕಾಲಿಗೆ ನಾಲ್ಕು ಪಾಲು ನೀರು ಹಾಕುತ್ತೇನೆ. ಊರಲ್ಲೇ ಒಂದು ಸಣ್ಣ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಗಟ್ಟಿಯಾದರೆ ನಿಮಗೆ ಕೊಟ್ಟ ಮಾಲು ಸರಿ ಇಲ್ಲ, ಅಥವಾ ನಿಮ್ಮ ಅಳತೆ ತಪ್ಪಿದೆ. ನಮ್ಮ ಮನೆಯಾಕೆ ಅದನ್ನು ನೋಡಿ, "ಇದೇನ್ರಿ, ಐಸ್ ಕ್ಯಾಂಡಿ ಅಂಗಡಿ ಇಡ್ತೀರೇನು?" ಅಂದಳು.

ಈ ದ್ರವಕ್ಕೆ ಬಣ್ಣವಿಲ್ಲ. ನಳದಿಂದ ಬರುತ್ತಿರುವುದು ನೀರೋ ಇದೋ ತಿಳಿಯುವುದಿಲ್ಲ. ಜಿಲೇಬಿಗೆ ಹಾಕುವ ಕೇಸರಿ ಬಣ್ಣ ಒಂದು ಚಿಟಿಕೆ ಕಲಸಿದೆ, ತೊಂದರೆ ತೀರಿತು. ಪಂಪು ಎಳೆಯುವ ಪೈಪನ್ನು ಟ್ಯಾಂಕಿನಿಂದ ಬಿಚ್ಚಿ ಈ ಕ್ಯಾನಿನಲ್ಲಿ ಮುಳುಗಿಸಿ, ಗೀಸರಿನ ಎರಡೂ ವಾಲ್ವ್ ಬಂದ್ ಮಾಡಿ ಬೈಪಾಸ್ ತೆಗೆಯಿರಿ. ಇಲ್ಲದಿದ್ದರೆ ಹತ್ತು ಲೀಟರ್ ದುಬಾರಿ ಮಾಲು ಗೀಸರಿನ ಹೊಟ್ಟೆಗೇ ಹೋಗುತ್ತದೆ. ಪಂಪು ಹಚ್ಚಿ, ಈ ಸಲ ಹತ್ತಿರದ ನಳದಿಂದ ಶುರು ಮಾಡಿ, ಒಂದೊಂದರಲ್ಲೂ ಕೇಸರಿ ಬಣ್ಣ ಕಾಣುವವರೆಗೆ ಬಿಡಿ. ಅರ್ಧ ಇಂಚಿನ ಪೈಪು ಮೀಟರಿಗೆ 150 ಮಿಲಿಯನ್ನೂ ಹಿಡಿಯುವುದಿಲ್ಲ, ನಮ್ಮ ಇಡೀ ಗಾಡಿಗೆ ಆರು ಲೀಟರ್ ಸಾಕಾಗಿ ಉಳಿಯಿತು. ಉಳಿದದ್ದನ್ನು ಪ್ರತಿ ಟ್ರ್ಯಾಪಿಗೆ ಒಂದು ಲೋಟ, ಕಮೋಡಿನ ರಬ್ಬರ್ ಮೇಲೆ ಅರ್ಧ ಲೋಟ, ಹೊಲಸು ನೀರಿನ ಟ್ಯಾಂಕಿಗೆ ಒಂದು ಲೀಟರ್ ಸುರಿಯಿರಿ. ಚಾಸಿ ಕೆಳಗಿರುವ ಆ ಟ್ಯಾಂಕಿನ ವಾಲ್ವಿಗೆ ನೇರ ಗಾಳಿ ಬಡಿಯುತ್ತದೆ.

ಕಡೆಗೆ ಎಲ್ಲ ಬಾಲ್ ವಾಲ್ವುಗಳ ಹಿಡಿಕೆಯನ್ನು ಅರ್ಧಕ್ಕೆ, ಓರೆಯಾಗಿ ನಿಲ್ಲಿಸಿ. ಪೂರ್ತಿ ಬಂದೂ ಅಲ್ಲ, ಪೂರ್ತಿ ತೆಗೆದೂ ಅಲ್ಲ. ಆಗ ಗುಂಡಿನೊಳಗೆ ಸಿಕ್ಕ ನೀರು ಹೊರಗೆ ಹೋಗಲು ದಾರಿ ಇರುತ್ತದೆ. ನಳಗಳೂ ತೆಗೆದೇ ಇರಲಿ. ಪಂಪಿನ ಸ್ವಿಚ್ಚಿನ ಮೇಲೆ ಟೇಪು ಹಚ್ಚಿ, ನಿದ್ದೆಗಣ್ಣಲ್ಲಿ ಯಾರಾದರೂ ಒತ್ತಿಬಿಡುತ್ತಾರೆ.

ಮೇಲೆ ಇರುವ ದಿನಗಳಲ್ಲಿ ಗಾಡಿಯ ನಳ ಸತ್ತಂತೆ. ಎರಡು ಇಪ್ಪತ್ತು ಲೀಟರಿನ ಕ್ಯಾನು ಒಳಗೆ, ಕಂಬಳಿ ಸುತ್ತಿ, ಕಾಲು ಭಾಗ ಖಾಲಿ ಬಿಟ್ಟು ಇಟ್ಟುಕೊಂಡೆವು. ಕೊಡಪಾನ, ತಂಬಿಗೆಯಲ್ಲೇ ಸಂಸಾರ. ಕಾಜಾದಲ್ಲಿ ನಾವು ಊಟಕ್ಕೆ ಹೋದ ಮನೆಯವರೂ ಚಳಿಗಾಲಕ್ಕೆ ನಳ ನೆಚ್ಚುವುದಿಲ್ಲ. ಬಕೆಟ್ಟಿನಲ್ಲಿ ನೀರು ಹೊತ್ತು ತರುತ್ತಾರೆ, ಕಕ್ಕಸು ನೀರಿಲ್ಲದ ಒಣ ಕಕ್ಕಸು, ಮೇಲೆ ಮಣ್ಣು ಹಾಕುವುದು. ಪೈಪೇ ಇಲ್ಲದ ಮೇಲೆ ಒಡೆಯುವುದೇನು. ಮೂವತ್ತು ವರ್ಷದ ಪ್ಲಂಬರ್ ಅಲ್ಲಿ ಸುಮ್ಮನೆ ತಲೆಯಾಡಿಸಿದೆ.

ತಿರುಗಿ ರಾಂಪುರಕ್ಕೆ ಇಳಿದ ಮೇಲೆ ಬಿಚ್ಚಿದ್ದೆಲ್ಲ ಕೂಡಿಸಿ, ಬೈಪಾಸಿನಲ್ಲೇ ಇಟ್ಟು, ಪ್ರತಿ ನಳದಲ್ಲೂ ಕೇಸರಿ ಬಣ್ಣ ಹೋಗುವವರೆಗೆ ನೀರು ಬಿಡಿ. ಆಮೇಲೆ ಗೀಸರಿನ ವಾಲ್ವ್ ತೆಗೆದು ತುಂಬಿಸಿ. ಬಿಸಿ ನಳದಲ್ಲಿ ನೀರು ಧಾರಾಳ ಬಂದ ಮೇಲಷ್ಟೇ ಕರೆಂಟ್. ನೀರಿನಲ್ಲಿ ಸಿಹಿ ರುಚಿ ಉಳಿದಿದ್ದರೆ ಟ್ಯಾಂಕಿಗೆ ಒಂದು ಹಿಡಿ ಅಡುಗೆ ಸೋಡಾ ಹಾಕಿ ಇನ್ನೊಮ್ಮೆ ಹರಿಸಿ.

ಕಡೆಯ ಪರೀಕ್ಷೆ ಇದು. ಎಲ್ಲ ನಳ ಬಂದ್ ಮಾಡಿ ಪಂಪು ಹಚ್ಚಿ. ಒತ್ತಡ ತುಂಬಿದೊಡನೆ ಅದು ತಾನೇ ನಿಲ್ಲುತ್ತದೆ. ಪಂಪಿನ ಸ್ವಿಚ್ ಬಂದ್ ಮಾಡದೆ ಚಹಾ ಮಾಡಿಕೊಂಡು ಕುಡಿಯಿರಿ, ಗಡಿಬಿಡಿ ಬೇಡ. ಅಷ್ಟರಲ್ಲಿ ಯಾರೂ ನಳ ಮುಟ್ಟದೆ ಪಂಪು ಮತ್ತೆ ಗುರ್ ಅಂದರೆ ಎಲ್ಲೋ ಜಿನುಗುತ್ತಿದೆ ಅಂತಲೇ ಅರ್ಥ. ಬ್ಯಾಟರಿ ಹಿಡಿದು, ಮೊದಲು ಹಾಸಿಗೆ ಎತ್ತಿ.