ಗ್ರೈಂಡರ್ ಡಿಸ್ಕ್‌ಗೂ ಎಕ್ಸ್‌ಪೈರಿ ಡೇಟ್ ಇದೆ

ಕಬ್ಬಿಣ ಕತ್ತರಿಸುವ ಆಂಗಲ್ ಗ್ರೈಂಡರ್‌ಗೆ ಕಟಿಂಗ್ ಡಿಸ್ಕ್ ಹಾಕುವ ಮೊದಲು ನಡುವಿನ ತಗಡಿನ ಬಳೆ ನೋಡಿ. 07/2024 ಅಂತ ಸಣ್ಣಗೆ ಅಚ್ಚಾಗಿರುತ್ತದೆ. ಅದು ಎಕ್ಸ್‌ಪೈರಿ, ಸಾಮಾನ್ಯವಾಗಿ ತಯಾರಾಗಿ 3 ವರ್ಷಕ್ಕೆ. ದಾಟಿದ್ದರೆ ಹೊಸದರಂತೆ ಕಂಡರೂ ಮುರಿದು ಬಿಸಾಡಿ. ಈ ಡಿಸ್ಕ್‌ಗಳಲ್ಲಿ ಕಬ್ಬಿಣ ಕೊರೆಯುವ ಗಟ್ಟಿ ಪುಡಿಯನ್ನು ಹಿಡಿದಿಟ್ಟಿರೋದು ಒಂದು ಥರದ ಅಂಟು. ತೇವ ಕುಡಿದರೆ ಅದು ಸಡಿಲವಾಗಿ, ತಿರುಗುವಾಗ ಡಿಸ್ಕ್ ಚೂರಾಗಬಹುದು. ನಿಮಿಷಕ್ಕೆ 11,000 ಸುತ್ತು ಅಂದ್ರೆ ಸುಮ್ನೆ ಅಲ್ಲ. ನಮ್ಮ ಮುಂಬೈ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತೆ, ಬಾಲ್ಕನಿಯಲ್ಲಿಟ್ಟ ಡಿಸ್ಕನ್ನು ತೇವ ಬಿಡುತ್ತಾ? ಗಾಳಿಯಾಡದ ಡಬ್ಬಿಯಲ್ಲಿ ಚಪ್ಪಟೆಯಾಗಿ ಮಲಗಿಸಿಡಿ. ಹಾರ್ಡ್‌ವೇರ್ ಅಂಗಡಿಗಳ ನಾಗದೇವಿ ಸ್ಟ್ರೀಟ್‌ನಲ್ಲಿ ಅಗ್ಗಕ್ಕೆ ಸಿಕ್ತು ಅಂತ ಕಟ್ಟುಗಟ್ಟಲೆ ತರಬೇಡಿ, ಅಲ್ಲೇ ಡೇಟ್ ಓದಿ. ಡೇಟೇ ಇಲ್ಲದ ಮಾಲು ನಾನಂತೂ ಮುಟ್ಟಲ್ಲ. ಆದರೆ ಕೈಜಾರಿ ಬಿದ್ದ ಡಿಸ್ಕ್‌ಗೆ ಈ ಲೆಕ್ಕ ನಡೆಯಲ್ಲ. ಡೇಟ್ ಇದ್ದರೂ ಒಳಗೆ ಬಿರುಕಿರಬಹುದು, ಕಣ್ಣಿಗೆ ಕಾಣಲ್ಲ. ಟೈಲ್ಸ್ ಕತ್ತರಿಸುವ ಡೈಮಂಡ್ ಬ್ಲೇಡ್ ಬೇರೆ ಜಾತಿ, ಅದಕ್ಕೆ ತೇವದ ಚಿಂತೆ ಇಲ್ಲ. ಹೊಸ ಡಿಸ್ಕ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ, ಆಮೇಲೆ ಕತ್ತರಿಸಬೇಕಾದ ಗ್ರಿಲ್‌ಗೆ ಮುಟ್ಟಿಸಿ. ಡಿಸ್ಕ್ ಮೇಲಿನ ರಕ್ಷಣೆಯ ಕವಚ, ಅಂದ್ರೆ ಗಾರ್ಡ್ ಬಿಚ್ಚಿಟ್ಟು ಕೆಲಸ ಮಾಡುವವರಿಗೆ ಇದ್ಯಾವುದೂ ಉಪಯೋಗವಿಲ್ಲ ಬಿಡಿ.