ಪೊರೆ ಕಂಡಿತು ಅಂತ ನಿಲ್ಲಬೇಡಿ, ಹಿಂದಿನ ಪರದೆಯನ್ನೂ ನೋಡಿ

ಸಿಂಧನೂರು ಕಡೆ ಕಣ್ಣು ಮಂಜಾದವರೆಲ್ಲ ಹೇಳುವುದು ಒಂದೇ ಮಾತು: 'ಪೊರಿ ಬಂದೈತ್ರಿ, ನೋಡ್ರಿ.' ಬಹಳ ಸಲ ಪೊರೆ ಇದ್ದೇ ಇರುತ್ತದೆ. ಆದರೆ ಅದು ಕಂಡ ಕೂಡಲೇ, ಕಣ್ಣಿನ ಹಿಂದಿನ ಪರದೆ (ರೆಟಿನಾ) ನೋಡುವ ಕೈ ಉಪಕರಣವಾದ ಆಫ್ತಾಲ್ಮೋಸ್ಕೋಪ್ ಕೆಳಗಿಟ್ಟರೆ ಅರ್ಧ ಕೆಲಸ ಉಳಿಯಿತು. ನನ್ನ ಹತ್ತಿರ ಆಪ್ಟೋಮೆಟ್ರಿ (ಕಣ್ಣು ಪರೀಕ್ಷೆ) ಕಲಿಯಲು ಬರುವ ಹುಡುಗರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೃಷ್ಟಿ ಬರೆದುಕೊಂಡ ಮೇಲೆ ಪಾಪೆಗೆ ಟಾರ್ಚ್ ಹಾಕಿ. ಬೆಳಕನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಸರಿಸಿದಾಗ ಪಾಪೆ ಕುಗ್ಗುವ ಬದಲು ಹಿಗ್ಗಿದರೆ ಆ ಕಡೆಯ ಕಣ್ಣಿನ ನರದ ಮೇಲೆ ಅನುಮಾನ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಇದನ್ನು ನೋಡಲು ಆಗುವುದಿಲ್ಲ. ಟಾರ್ಚನ್ನು ಕಿವಿ ಕಡೆಯಿಂದ ಅಡ್ಡ ಹಿಡಿದಾಗ ಮೂಗಿನ ಕಡೆಯ ಐರಿಸ್ (ಪಾಪೆ ಸುತ್ತಲಿನ ಬಣ್ಣದ ಭಾಗ) ಮೇಲೆ ನೆರಳು ಬಿದ್ದರೆ ಕಣ್ಣಿನ ಮುಂದಿನ ಜಾಗ ಕಿರಿದು ಅಂತ, ಡಾಕ್ಟರನ್ನು ಕೇಳದೆ ಡ್ರಾಪ್ಸ್ ಮುಟ್ಟಲೇಬೇಡಿ. ಈ ಡ್ರಾಪ್ಸ್, ಅಂದರೆ ಟ್ರೋಪಿಕಮೈಡ್, ಹತ್ತಲು 20–30 ನಿಮಿಷ ಬೇಕು, ಇಳಿಯಲು ನಾಲ್ಕಾರು ಗಂಟೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ? ಬೈಕಲ್ಲಿ ಬಂದವರಿಗೆ ಮುಂಚೆಯೇ ಹೇಳಿ.

ಈಗ ಆಫ್ತಾಲ್ಮೋಸ್ಕೋಪ್. ಪೇಶಂಟ್ ಬಲಗಣ್ಣು ನೋಡಲು ನಿಮ್ಮ ಬಲಗಣ್ಣು, ಎಡಕ್ಕೆ ಎಡ. ದೂರದ ಗೋಡೆಯ ಕ್ಯಾಲೆಂಡರ್ ನೋಡಲು ಹೇಳಿ. ಕಿವಿ ಕಡೆಯಿಂದ ಸುಮಾರು 15 ಡಿಗ್ರಿ ಓರೆಯಾಗಿ ಹತ್ತಿರ ಹೋದರೆ ಡಿಸ್ಕ್, ಅಂದರೆ ಪರದೆಯಲ್ಲಿ ಕಣ್ಣಿನ ನರ ಸೇರುವ ದುಂಡನೆಯ ಜಾಗ, ಸಿಗುತ್ತದೆ. ಸಿಗಲಿಲ್ಲವೆ? ಒಂದು ರಕ್ತನಾಳ ಹಿಡಿದು, ಕವಲುಗಳು ಕೂಡುವ ಕಡೆಗೆ ಹೋಗಿ. ಎಡದಂಡೆ ಕಾಲುವೆ ಹಿಡಿದು ಮೇಲಕ್ಕೆ ನಡೆದರೆ ಡ್ಯಾಮ್ ಸಿಗುವ ಹಾಗೆ.

ಡಿಸ್ಕ್‌ನಲ್ಲಿ ಅಂಚು, ಬಣ್ಣ, ನಡುವಿನ ಕುಳಿ ನೋಡಬೇಕು. ಇಲ್ಲಿ ಅವಸರ ಬೇಡ. ಕುಳಿಯನ್ನು ಬಿಳುಪು ನೋಡಿ ಅಳೆಯಬೇಡಿ, ಸಣ್ಣ ನಾಳಗಳು ಎಲ್ಲಿ ಬಾಗುತ್ತವೆ ಅದನ್ನು ನೋಡಿ. ಡಿಸ್ಕ್‌ಗೆ ಹೋಲಿಸಿದರೆ ಕುಳಿಯ ಅನುಪಾತ ಸಾಮಾನ್ಯವಾಗಿ 0.3ರ ಆಸುಪಾಸು. 0.6 ದಾಟಿದರೆ, ಅಥವಾ ಎರಡು ಕಣ್ಣಿಗೂ 0.2ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಅನುಮಾನ. ನಾನಂತೂ ಅಂಕಿಗಿಂತ ಕೆಳಗಿನ ಅಂಚನ್ನು ಹೆಚ್ಚು ನಂಬುತ್ತೇನೆ. ಕುಳಿಯ ಸುತ್ತಲಿನ ರಿಮ್ ಅಲ್ಲೇ ದಪ್ಪ ಇರಬೇಕು. ಅಲ್ಲಿ ತೆಳುವಾಗಿ ಕಚ್ಚು ಬಿದ್ದಿದ್ದರೆ, ಕಣ್ಣಿನ ಪ್ರೆಶರ್ ನಾರ್ಮಲ್ ಬಂದರೂ ಬಿಡಬೇಡಿ.

ಬಣ್ಣ ಮೋಸ ಮಾಡುತ್ತದೆ. ಪೊರೆ ಹಿಂದೆ ಡಿಸ್ಕ್ ಕೆಂಪಗೆ ಕಾಣುತ್ತದೆ, ಆಪರೇಷನ್ ಆದ ಕಣ್ಣಲ್ಲಿ ಸುಮ್ನೆ ಬಿಳಿಚಿದಂತೆ ಕಾಣುತ್ತದೆ. ಹಾಗಾಗಿ ಎರಡೂ ಕಣ್ಣು ಹೋಲಿಸಿ. ಟಿಬಿಗೆ ಎಥಾಂಬ್ಯೂಟಾಲ್ ತಗೊಳ್ಳುವವರಲ್ಲಿ ನರಕ್ಕೆ ಪೆಟ್ಟು ಬಿದ್ದರೂ ಶುರುವಿನಲ್ಲಿ ಡಿಸ್ಕ್ ಸರಿಯಾಗೇ ಇರಬಹುದು. ಬಣ್ಣ ಗುರುತಿಸುತ್ತಾರೋ ಅಂತ ತಿಳಿಯಲು ಅವರಿಗೆ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಲೇಬೇಕು.

ಮೂಗಿನ ಕಡೆ ಡಿಸ್ಕ್ ಅಂಚು ಸ್ವಲ್ಪ ಮಸುಕು ಇರುವುದು ಮಾಮೂಲು. ಸುತ್ತಲೂ ಅಳಿಸಿಹೋಗಿದ್ದು, ತಲೆನೋವು, ವಾಂತಿ ಇದ್ದರೆ ಮೊದಲು ಬಿಪಿ ನೋಡಿ, ಅವತ್ತೇ ಕಳಿಸಿ.

ಆಮೇಲೆ ನಾಲ್ಕು ಕಡೆಯ ನಾಳಗಳು. ಕೊನೆಗೆ ಮ್ಯಾಕುಲಾ (ನೇರ ನೋಟ ಬೀಳುವ ಪರದೆಯ ನಡುಭಾಗ), ಯಾಕೆಂದರೆ ಬೆಳಕು ಅಲ್ಲಿ ಬಿದ್ದರೆ ಕಣ್ಣು ಕುಕ್ಕುತ್ತದೆ. ಶುಗರ್ ಇದ್ದವರಲ್ಲಿ ಮೊದಲು ಸಿಗುವುದು ಪುಟ್ಟ ಕೆಂಪು ಚುಕ್ಕಿಗಳು. ಅಂಚು ಚೂಪಾದ ಹಳದಿ ಕಲೆ ಸೋರಿದ ಕೊಬ್ಬು, ಅಂಚು ಸಿಗದ ಬಿಳಿ ಕಲೆ ರಕ್ತ ಸಾಲದ ಜಾಗ. ಇಷ್ಟೆಲ್ಲ ಇದ್ದೂ ಚಾರ್ಟ್ ಮೇಲೆ 6/6 (ಪೂರ್ತಿ ದೃಷ್ಟಿ) ಓದುವವರು ಇದ್ದಾರೆ. ಡಿಸ್ಕ್ ಮೇಲೆ ಸಿಕ್ಕುಸಿಕ್ಕಾದ ಸಣ್ಣ ನಾಳಗಳು ಕಂಡರೆ ತಡಮಾಡಬೇಡಿ. ಡಿಸ್ಕ್‌ಗೆ ಅಂಟಿಕೊಂಡು ಗರಿಯಂಥ ಬಿಳಿ ಪಟ್ಟಿ ಇದ್ದರೆ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಅದು ಹುಟ್ಟಿನಿಂದ ಬಂದದ್ದು.

ಈ ಉಪಕರಣದಲ್ಲಿ ಪರದೆಯ ಅಂಚು ಕಾಣುವುದಿಲ್ಲ. ಮಿಂಚು ಹೊಡೆದಂತೆ, ಕಪ್ಪು ನೊಣ ಹಾರಿದಂತೆ ಅಂದವರಿಗೆ, ಅಂಚಿನವರೆಗೂ ತೋರಿಸುವ ಇಂಡೈರೆಕ್ಟ್ ಪರೀಕ್ಷೆ ಅವತ್ತೇ ಆಗಬೇಕು. ನೋವಿಲ್ಲದೆ ದಿಢೀರ್ ದೃಷ್ಟಿ ಹೋಗಿ, ಪರದೆ ಬಿಳಿಚಿ ನಡುವೆ ಕೆಂಪು ಬೊಟ್ಟು ಕಂಡರೆ ಅದು ಪಾರ್ಶ್ವವಾಯುವಿನಷ್ಟೇ ತುರ್ತು. ಮಸ್ಕಿಯಿಂದ ಬಂದಿರಲಿ, ದೇವದುರ್ಗದಿಂದ ಬಂದಿರಲಿ, ಊರಿಗೆ ಹೋಗಿ ಬರುತ್ತೇವೆ ಅಂದರೆ ಬಿಡಬೇಡಿ, ನೇರ ದೊಡ್ಡಾಸ್ಪತ್ರೆಗೆ ಕಳಿಸಿ. ಚೀಟಿಯಲ್ಲಿ ಯಾವ ಕಣ್ಣು, ಎಷ್ಟು ಗಂಟೆಗೆ ಶುರುವಾಯಿತು, ಡ್ರಾಪ್ಸ್ ಎಷ್ಟೊತ್ತಿಗೆ ಹಾಕಿದಿರಿ ಅಂತ ಬರೆಯಿರಿ. ಇಲ್ಲದಿದ್ದರೆ ಹಿಗ್ಗಿದ ಪಾಪೆ ನೋಡಿ ಅಲ್ಲಿನವರು ತಲೆಗೆ ಪೆಟ್ಟಾಗಿದೆಯೋ ಅಂತ ಬೇರೆ ದಾರಿ ಹಿಡಿಯುತ್ತಾರೆ.