ಪಿ, ಪೌಂಡ್, ಕ್ಯೂ

ಬಾಗೇಪಲ್ಲಿ ತಾಲ್ಲೂಕಿನಲ್ಲಿ ನಾನು ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ. ವಿಶೇಷ ಅಗತ್ಯವಿರುವ ಮಕ್ಕಳು ಯಾವ ಯಾವ ಸರ್ಕಾರಿ ಶಾಲೆಯಲ್ಲಿದ್ದಾರೋ ಅಲ್ಲಿಗೆಲ್ಲ ಸ್ಕೂಟಿ ಹತ್ತಿ ಹೋಗುವ ಕೆಲಸ. ಸೇರಿದ ಹೊಸದರಲ್ಲಿ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ) ತಪಾಸಣಾ ಶಿಬಿರ ಮಾಡಿಸಿ, ಸಾಧನ ಸಲಕರಣೆ ಬಂದಾಗ ಹಂಚಿ, ಸಹಿ ಹಾಕಿಸಿಕೊಂಡರೆ ಮುಗೀತು ಅಂದುಕೊಂಡಿದ್ದೆ.

ಎರಡು ತಿಂಗಳು ಬಿಟ್ಟು ಒಂದು ಶಾಲೆಗೆ ಹೋದರೆ, ಆರನೇ ಕ್ಲಾಸಿನ ಹುಡುಗನ ಕಿವಿ ಮಿಷಿನ್ ಎಚ್‌ಎಂ ಬೀರುವಿನಲ್ಲಿತ್ತು. ತಪ್ಪು ನನ್ನದೇ. ಅದರ ಗುಂಡಿ ಬ್ಯಾಟರಿಯ ಬೆನ್ನಿಗೆ ಒಂದು ಚಿಕ್ಕ ಸ್ಟಿಕರ್ ಇರುತ್ತದೆ. ಅದನ್ನು ಕಿತ್ತರೆ ಒಳಗೆ ಗಾಳಿ ಹೋಗಿ ಬ್ಯಾಟರಿ ಕೆಲಸ ಶುರು ಮಾಡುತ್ತದೆ. ಆಮೇಲೆ ಬಳಸಲಿ ಬಿಡಲಿ, ಖರ್ಚಾಗುತ್ತಲೇ ಇರುತ್ತದೆ. ಅವರಿಗೆ ಸುಲಭವಾಗಲಿ ಅಂತ ನಾನು ಆರೂ ಬ್ಯಾಟರಿಯ ಸ್ಟಿಕರ್ ಒಟ್ಟಿಗೇ ಕಿತ್ತು ಡಬ್ಬಿಗೆ ಹಾಕಿ ಕೊಟ್ಟಿದ್ದೆ! ಈಗ ಒಂದೊಂದೇ ಕಿತ್ತು, ಒಂದು ನಿಮಿಷ ಬಿಟ್ಟು ಹಾಕೋದನ್ನು ಹುಡುಗನಿಗೇ ಕಲಿಸಿದ್ದೇನೆ. ಮಿಷಿನ್ ಕುಯ್ಯ್ ಅಂದರೆ ಕಿವಿ ಬೆಳೆದು, ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿದೆ ಅಂತಲೂ ಲೆಕ್ಕ. ಪಕ್ಕದವರು ನಗುತ್ತಾರೆ, ಮಗು ಕಿತ್ತಿಡುತ್ತದೆ. ಅಚ್ಚು ಹೊಸದು ಮಾಡಿಸಲೇಬೇಕು.

ನನಗೆ ಜಾಸ್ತಿ ಕಲಿಸಿದ್ದು ಮಾತ್ರ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ. ಕಣ್ಣು ಒಂದಿಷ್ಟೂ ಕಾಣುವುದಿಲ್ಲ. ಬ್ರೈಲ್ ಬರುತ್ತದೆ, ಆದರೆ ಟೀಚರ್ ಕೊಡುವ ನೋಟ್ಸ್ ಬ್ರೈಲ್‌ನಲ್ಲಿ ಇರುವುದಿಲ್ಲ ಅಲ್ವಾ? ಅದಕ್ಕೆ ಅವರ ಮನೆಯ ಹಳೇ ಆಂಡ್ರಾಯ್ಡ್ ಫೋನಿನಲ್ಲಿ, ಪರದೆ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಟ್ಟೆ. ದುಡ್ಡು ಬೇಡ, ಫೋನಿನಲ್ಲೇ ಇರುತ್ತದೆ. ಒಂದು ಸಲ ಮುಟ್ಟಿದರೆ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಹುಡುಗಿ ಒಂದು ಮಧ್ಯಾಹ್ನದಲ್ಲಿ ಕಲಿತಳು.

ನಾಲ್ಕನೇ ದಿನ ಅವರಪ್ಪನ ಫೋನ್. "ಫೋನು ಪಾಡೈಪೋಯಿಂದಿ ಮೇಡಂ." ನಮ್ಮ ಕಡೆ ಮನೆಮಾತು ತೆಲುಗು. ಕೆಟ್ಟಿರಲಿಲ್ಲ, ಟಾಕ್‌ಬ್ಯಾಕ್ ಇದ್ದರೆ ಮಾಮೂಲಿ ಥರ ಮುಟ್ಟಿದರೆ ಕೇಳುವುದಿಲ್ಲ ಅಷ್ಟೇ. ಅಷ್ಟರಲ್ಲಿ ಅವರು ಮೊಬೈಲ್ ಅಂಗಡಿಗೆ ಕೊಟ್ಟು, ಅಂಗಡಿಯವರು ರೀಸೆಟ್ ಮಾಡಿ, ಎಲ್ಲಾ ಹೋಗಿತ್ತು. ಮತ್ತೆ ಹಾಕಿದೆ. ಈ ಸಲ ಅಪ್ಪನಿಗೂ ಕಲಿಸಿದೆ: ವಾಲ್ಯೂಮ್ ಬಟನ್ ಎರಡೂ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ, ನಿಮ್ಮದಾಗುತ್ತೆ. ಮತ್ತೆ ಒತ್ತಿ, ಮಗಳದಾಗುತ್ತೆ.

ಆಮೇಲೆ ಸಮಾಜ ಮೇಷ್ಟ್ರು ನೋಟ್ಸಿನ ಫೈಲ್ ಕಳಿಸಿದರು. ಪಾಪ, ರಾತ್ರಿ ಕೂತು ಟೈಪ್ ಮಾಡಿದ್ದು. ಹುಡುಗಿ ಫೋನ್ ಕಿವಿಗಿಟ್ಟುಕೊಂಡು, "ಮಿಸ್, ಇದು ಪಿ, ಪೌಂಡ್, ಕ್ಯೂ ಅಂತಿದೆ" ಅಂದಳು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೇ ಫಾಂಟ್! ಪರದೆಯ ಮೇಲೆ ಚೆಂದದ ಕನ್ನಡ. ಒಳಗಿರುವುದೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. 'ಕ' ಅನ್ನಲು ಪಿ, 'ನ' ಅನ್ನಲು ಪೌಂಡ್ ಗುರುತು. ಕಣ್ಣಿಗೆ ಗೊತ್ತಾಗದ್ದು ಕಿವಿಗೆ ಬಿತ್ತು. ಕನ್ವರ್ಟರ್‌ಗೆ ಹಾಕಿ, ಫೋನು ಕನ್ನಡ ಅಂತಲೇ ಓದುವ ಯೂನಿಕೋಡ್ ಮಾಡಿದೆ, ಅಲ್ಲಲ್ಲಿ ಒತ್ತಕ್ಷರ ಎಡವಟ್ಟಾಗಿದ್ದನ್ನು ಕೈಯಾರೆ ತಿದ್ದಿದೆ. ಮೇಷ್ಟ್ರಿಗೆ ಹೇಳಲು ಸಂಕೋಚ. ನಾನು ವಿವರಿಸಲು ಹೋಗಲಿಲ್ಲ, ಸುಮ್ನೆ ಅವರದೇ ನೋಟ್ಸ್ ಫೋನಿನಲ್ಲಿ ಓದಿಸಿ ಕೇಳಿಸಿದೆ. ಜೋರಾಗಿ ನಕ್ಕರು. ಈಗ ನುಡಿಯಲ್ಲೇ ಯೂನಿಕೋಡ್ ಆರಿಸಿಕೊಂಡು ಟೈಪ್ ಮಾಡುತ್ತಾರೆ.

ಗಣಿತದ ಚಿತ್ರಕ್ಕೆ ಈ ಫೋನು ಏನೂ ಹೇಳುವುದಿಲ್ಲ. ತ್ರಿಭುಜಕ್ಕೆ ಮದುವೆ ಪತ್ರಿಕೆಯ ಹಿಂದೆ ಫೆವಿಕಾಲ್ ಸುರಿದು ಸೆಣಬಿನ ದಾರ ಅಂಟಿಸಿದೆ. ಬೆರಳಾಡಿಸಿ ಮೂರೂ ಕೋನ ತೋರಿಸಿದಳು. ಮುಂದಿನ ವಾರ ವೃತ್ತದ ಪಾಠ. ಮನೆಯಲ್ಲಿ ಹಳೇ ಬಳೆ ಹುಡುಕಿಟ್ಟಿದ್ದೇನೆ.